ಪೀಣ್ಯಕ್ಕೊಂದು ಕಂಪ್ರೆಸರ್: ಮೂರು ಕೊಟೇಶನ್, ಒಂದೇ ಬಾಗಿಲು

ಪೀಣ್ಯದ ಮಷಿನಿಂಗ್ ಘಟಕಕ್ಕೆ 37 ಕಿಲೋವ್ಯಾಟ್‌ನ, ಅಂದರೆ 50 ಎಚ್‌ಪಿಯ, ಸ್ಕ್ರೂ ಕಂಪ್ರೆಸರ್ ಕೊಳ್ಳಬೇಕಿತ್ತು. ಒತ್ತಡ 7 ಬಾರ್, ಗಾಳಿ ನಿಮಿಷಕ್ಕೆ 6 ಘನ ಮೀಟರ್ (ಸುಮಾರು 212 ಸಿಎಫ್‌ಎಂ). ಎನ್‌ಕ್ವೈರಿ ಕಳಿಸಿದ ಮೇಲೆ ಮೂರು ಕೊಟೇಶನ್ ಬಂದವು. ಕೊಯಮತ್ತೂರಿನದು 11,90,000 ರೂಪಾಯಿ, 'ಎಕ್ಸ್‌ವರ್ಕ್ಸ್'. ಪುಣೆಯದು 12,75,000, 'ಎಫ್‌ಒಆರ್ ಬೆಂಗಳೂರು'. ಚೀನಾದ್ದು 12,900 ಡಾಲರ್, 'ಸಿಐಎಫ್ ಚೆನ್ನೈ'. ಬೆಲೆ ಯಾವ ಜಾಗದವರೆಗಿನದು ಅಂತ ಹೇಳುವ ಈ ಮೂರು ಪದಗಳನ್ನು ಮುಂದೆ ಒಂದೊಂದಾಗಿ ಬಿಡಿಸುತ್ತೇವೆ. ಡಾಲರಿಗೆ 88 ರೂಪಾಯಿ ಹಿಡಿದರೆ 11,35,200. ಹಾಗೇ ನೋಡಿದರೆ ಚೀನಾ ಎಲ್-1 (ಎಲ್ಲರಿಗಿಂತ ಕಡಿಮೆ ಬೆಲೆ), ಕೊಯಮತ್ತೂರು ಎಲ್-2, ಪುಣೆ ಎಲ್-3. ಲೆಕ್ಕ ಮುಗಿಯುವ ಹೊತ್ತಿಗೆ ಈ ಸರತಿ ಪೂರ್ತಿ ತಲೆಕೆಳಗಾಯಿತು. ಯಾರೂ ಒಂದು ಪೈಸೆ ಕಡಿಮೆ ಮಾಡಿರಲಿಲ್ಲ, ಹೆಚ್ಚೂ ಮಾಡಿರಲಿಲ್ಲ.

ಮುಂದೆ ಕೊಡುವ ತೆರಿಗೆ ನಿಯಮಗಳು ನಿಯಮಗಳೇ. ಲಾರಿ ಬಾಡಿಗೆ, ಏಜೆಂಟ್ ಶುಲ್ಕ, ಡಾಲರ್ ದರದಂಥವು ಮಾತ್ರ ಲೆಕ್ಕದ ದಾರಿ ತೋರಿಸಲು ಹಿಡಿದ ಅಂಕಿಗಳು. ನಿಮ್ಮ ಲೆಕ್ಕಕ್ಕೆ ನಿಮ್ಮ ಆ ದಿನದ ದರ ಹಾಕಿಕೊಳ್ಳಬೇಕು.

ಕಂಪ್ಯಾರೆಟಿವ್ ಸ್ಟೇಟ್‌ಮೆಂಟ್, ಅಂದರೆ ಬೆಲೆಗಳನ್ನು ಹೋಲಿಸುವ ಪಟ್ಟಿ, ಹಾಕುವ ಮೊದಲು ಒಂದು ಸಾಲು ಬರೆದುಕೊಂಡೆವು: "ಪೀಣ್ಯದ ಫೌಂಡೇಶನ್ ಮೇಲೆ ಕೂತು, ಮೊದಲ ಎಣ್ಣೆ ತುಂಬಿ, ಓಡುತ್ತಿರುವ ಕಂಪ್ರೆಸರ್." ಮೂರೂ ಬೆಲೆಗಳನ್ನು ಈ ಸ್ಥಿತಿಗೆ ತಂದೇ ಹೋಲಿಸಬೇಕು. ಹೆಚ್ಚಿನ ಪರ್ಚೇಸ್ ಫೈಲುಗಳು ಎಡವುವುದು ಇಲ್ಲೇ. ಸ್ಟೇಟ್‌ಮೆಂಟಿನ ಮೊದಲ ಕಾಲಂನಲ್ಲಿ 'ಬೇಸಿಕ್ ರೇಟ್' ಅಂತ ಹಾಕಿ ಮೂರು ಅಂಕಿಗಳನ್ನು ಪಕ್ಕಪಕ್ಕ ಕೂರಿಸುತ್ತಾರೆ. ಉಳಿದದ್ದೆಲ್ಲ ಕೆಳಗೆ 'ಟರ್ಮ್ಸ್' ಅನ್ನುವ ಸಣ್ಣ ಅಕ್ಷರಕ್ಕೆ ಇಳಿಯುತ್ತದೆ. ಸಹಿ ಹಾಕುವವರು ಓದುವುದು ಮೊದಲ ಕಾಲಂ ಮಾತ್ರ.

ಎಕ್ಸ್‌ವರ್ಕ್ಸ್ ಅಂದರೆ ಮಾರುವವನ ಕಾರ್ಖಾನೆಯ ಗೇಟು. ಅಲ್ಲಿಂದಾಚೆಗಿನ ಖರ್ಚು, ಅಪಾಯ ಎರಡೂ ಕೊಳ್ಳುವವರದು. ಕೊಯಮತ್ತೂರಿನ ಕೊಟೇಶನ್‌ನ ಎರಡನೇ ಪುಟದಲ್ಲಿ ಇದ್ದದ್ದು ಹೀಗೆ: ಪ್ಯಾಕಿಂಗ್ ಮತ್ತು ಫಾರ್ವರ್ಡಿಂಗ್ ಶೇ 2, ಸಾಗಣೆ 'ಅಟ್ ಆ್ಯಕ್ಚುವಲ್ಸ್', ಇನ್ಶೂರೆನ್ಸ್ 'ನಿಮ್ಮ ಸ್ಕೋಪ್', ಕಮಿಷನಿಂಗ್ 'ಎಕ್ಸ್‌ಟ್ರಾ', ಮೊದಲ ಎಣ್ಣೆ ಸೇರಿಲ್ಲ. ಶೇ 2 ಅಂದರೆ 23,800. ಲಾರಿಗೆ 14,000, ಸಾಗಣೆ ವಿಮೆಗೆ 1,500, ಟೆಕ್ನೀಷಿಯನ್ ಬಂದು ಚಾಲೂ ಮಾಡಿಕೊಡಲು ಓಡಾಟ ಸಮೇತ 20,000, ಎಣ್ಣೆಗೆ 9,000, ಇಳಿಸಿ ಫೌಂಡೇಶನ್ ಮೇಲೆ ಕೂರಿಸುವ ಹೈಡ್ರಾ ಕ್ರೇನಿನ ಬಾಡಿಗೆ 6,000. ಒಟ್ಟು 12,64,300. ಮೊದಲ ಅಂಕಿಗಿಂತ 74,300 ಜಾಸ್ತಿ.

ಇದರಲ್ಲಿ ಕಣ್ಣಿಡಬೇಕಾದದ್ದು 'ಅಟ್ ಆ್ಯಕ್ಚುವಲ್ಸ್' ಮೇಲೆ. ನಿಜವಾದ ಖರ್ಚಿನಷ್ಟೇ ಅನ್ನುವುದು ಕೇಳಲು ನ್ಯಾಯವಾಗಿದೆ, ಆದರೆ ಆ ನಿಜವಾದ ಖರ್ಚನ್ನು ನಿರ್ಧರಿಸುವವನು ಮಾರುವವನು. ಮಿತಿ ಬರೆಸಬೇಕು: "ಸಾಗಣೆ ವಾಸ್ತವ ವೆಚ್ಚ, ಲಾರಿ ರಸೀದಿ ಆಧಾರದಲ್ಲಿ, 14,000 ರೂಪಾಯಿ ಮೀರದಂತೆ." ಇನ್ನೊಂದು ವಿಷಯ ತೆರಿಗೆಯದು. ಸಾಗಣೆಯನ್ನು ಮಾರುವವನೇ ತನ್ನ ಬಿಲ್ಲಿನಲ್ಲಿ ಸೇರಿಸಿದರೆ ಅದಕ್ಕೂ, ಪ್ಯಾಕಿಂಗಿಗೂ, ಯಂತ್ರದ ದರದಲ್ಲೇ ಶೇ 18 ಜಿಎಸ್‌ಟಿ ಬೀಳುತ್ತದೆ. ನಾವೇ ಟ್ರಾನ್ಸ್‌ಪೋರ್ಟಿನವರನ್ನು ಹಿಡಿದರೆ ಸಾಮಾನ್ಯವಾಗಿ ರಿವರ್ಸ್ ಚಾರ್ಜ್‌ನಲ್ಲಿ (ಕೊಡುವವನ ಬದಲು ಪಡೆಯುವವರೇ ತೆರಿಗೆ ಕಟ್ಟುವ ಪದ್ಧತಿ) ಶೇ 5 ನಾವೇ ಕಟ್ಟಿ ಕ್ರೆಡಿಟ್, ಅಂದರೆ ನಮ್ಮ ಮಾರಾಟದ ತೆರಿಗೆಯಲ್ಲಿ ಅಷ್ಟು ಕಡಿತ, ತೆಗೆದುಕೊಳ್ಳುತ್ತೇವೆ. ಕ್ರೆಡಿಟ್ ಸಿಗುವ ಘಟಕಕ್ಕೆ ಕೊನೆಯಲ್ಲಿ ಎರಡೂ ಒಂದೇ. ಸಿಗದವರಿಗೆ, ಉದಾಹರಣೆಗೆ ಕಾಲೇಜು, ಆಸ್ಪತ್ರೆ, ಜಿಎಸ್‌ಟಿಯ ಸರಳ ಪದ್ಧತಿಯಾದ ಕಾಂಪೊಸಿಷನ್‌ನಲ್ಲಿರುವ ಸಣ್ಣ ಘಟಕಕ್ಕೆ, ಒಂದಲ್ಲ.

ಎಫ್‌ಒಆರ್ ಅಂದರೆ 'ಫ್ರೀ ಆನ್ ರೈಲ್', ಹೇಳಿದ ಊರಿನವರೆಗಿನ ಸಾಗಣೆ ಮಾರುವವನದು. ಪುಣೆಯ ಎಫ್‌ಒಆರ್‌ನಲ್ಲಿ ಪ್ಯಾಕಿಂಗ್, ಸಾಗಣೆ, ವಿಮೆ, ಕಮಿಷನಿಂಗ್, ಮೊದಲ ಎಣ್ಣೆ ಎಲ್ಲ ಸೇರಿತ್ತು. ರೈಲ್ವೆ ಕಾಲದ ಈ ಪದವನ್ನು ನಮ್ಮಲ್ಲಿ ಈಗ ಲಾರಿಗೂ ಬಳಸುತ್ತಾರೆ. ಆದರೆ 'ಎಫ್‌ಒಆರ್ ಬೆಂಗಳೂರು' ಅಂದರೆ ಬೆಂಗಳೂರಿನ ಎಲ್ಲಿ? ಟ್ರಾನ್ಸ್‌ಪೋರ್ಟ್ ಕಂಪನಿಯ ಗೋಡೌನ್ ಕೂಡ ಬೆಂಗಳೂರೇ. ಅಲ್ಲಿಂದ ಪೀಣ್ಯಕ್ಕೆ ತರಲು ಮತ್ತೊಂದು ಗಾಡಿ, ಮತ್ತೊಮ್ಮೆ ಇಳಿಸಿ ಹತ್ತಿಸುವ ಕೂಲಿ, ಆ ಎತ್ತಿಳಿಸುವಾಗ ಏನಾದರೂ ಜಜ್ಜಿದರೆ ಯಾರ ತಲೆಗೆ ಅನ್ನುವ ಜಗಳ. ಆರ್ಡರ್‌ನಲ್ಲಿ ವಿಳಾಸ ಸಮೇತ "ಎಫ್‌ಒಆರ್ ಸೈಟ್, ಡೋರ್ ಡೆಲಿವರಿ" ಅಂತ ಬರೆಸಿದೆವು. ಗಾಡಿಯಿಂದ ಇಳಿಸುವುದು ಅದರಲ್ಲೂ ಸೇರಿರಲಿಲ್ಲ. ಹೈಡ್ರಾ 6,000 ಸೇರಿ 12,81,000.

ಸಿಐಎಫ್ ಬಂದಾಗ ಲೆಕ್ಕ ಉದ್ದವಾಗುತ್ತದೆ, ತಪ್ಪುಗಳೂ ಇಲ್ಲೇ ಹೆಚ್ಚು. ಸಿಐಎಫ್ ಅಂದರೆ ಸರಕಿನ ಬೆಲೆ, ವಿಮೆ, ಚೆನ್ನೈ ಬಂದರಿನವರೆಗಿನ ಹಡಗಿನ ಬಾಡಿಗೆ ಮಾರುವವನದು. ಆದ್ದರಿಂದ ಚೆನ್ನೈ ತಲುಪುವವರೆಗೆ ಅಪಾಯವೂ ಅವನದೇ ಅಂದುಕೊಳ್ಳುವವರು ಬಹಳ ಜನ. ಹಾಗಿಲ್ಲ. ಎಫ್‌ಒಬಿಯಲ್ಲೂ (ಹಡಗು ಹತ್ತಿಸುವವರೆಗಿನ ಬೆಲೆ, ಬಾಡಿಗೆ ಕೊಳ್ಳುವವರದು) ಸಿಐಎಫ್‌ನಲ್ಲೂ ಅಪಾಯ ಕೈ ಬದಲಾಗುವುದು ಒಂದೇ ಜಾಗದಲ್ಲಿ: ಹೊರಡುವ ಬಂದರಿನಲ್ಲಿ ಸರಕು ಹಡಗು ಹತ್ತಿದ ಮೇಲೆ. ಸಮುದ್ರದಲ್ಲಿ ನೀರು ನುಗ್ಗಿದರೆ ವಿಮಾ ಕ್ಲೇಮ್ ಹಿಡಿದು ಓಡಾಡುವವರು ಕೊಂಡವರು. ಆ ವಿಮೆಯೂ ಕನಿಷ್ಠ ಮಟ್ಟದ್ದು. ಇಂಥ ಪದಗಳ ಅರ್ಥ ನಿಗದಿ ಮಾಡುವ ಅಂತರರಾಷ್ಟ್ರೀಯ ನಿಯಮಾವಳಿ ಇನ್‌ಕೋಟರ್ಮ್ಸ್ 2020ರ ಪ್ರಕಾರ ಸಿಐಎಫ್‌ಗೆ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ 'ಸಿ' ಅನ್ನುವ ವಿಮಾ ಷರತ್ತು ಸಾಕು, ಮೊತ್ತ ಒಪ್ಪಂದದ ಬೆಲೆಯ ಶೇ 110. 'ಸಿ'ಯಲ್ಲಿ ಹಡಗು ಮುಳುಗುವುದು, ಬೆಂಕಿಯಂಥ ದೊಡ್ಡ ಅವಘಡಗಳು ಸೇರುತ್ತವೆ; ಕಳವು, ಎತ್ತಿಳಿಸುವಾಗ ಬಿದ್ದು ಒಡೆಯುವುದು ಸೇರುವುದಿಲ್ಲ. ಕಂಪ್ರೆಸರಿಗೆ ನಿಜವಾಗಿ ಆಗುವುದು ಆ ಎರಡನೆಯದೇ. ಇವೂ ಸೇರುವ 'ಎ' ಷರತ್ತು ಬೇಕೆಂದು ಬರೆಸಬೇಕು, ಇಲ್ಲವೇ ಸಿಐಪಿ (ಹೇಳಿದ ಜಾಗದವರೆಗೆ ಸಾಗಣೆ, ವಿಮೆ ಮಾರುವವನದು) ಕೇಳಬೇಕು. ಸಿಐಪಿಯಲ್ಲಿ 2020ರಿಂದ 'ಎ' ಕಡ್ಡಾಯ. ಕಂಟೇನರ್ ಸರಕಿಗೆ ಸಿಐಎಫ್‌ಗಿಂತ ಸಿಪಿಟಿ (ವಿಮೆಯಿಲ್ಲದ ಸಿಐಪಿ), ಸಿಐಪಿ ಸರಿಯಾದ ಪದಗಳು ಅಂತ ಇನ್‌ಕೋಟರ್ಮ್ಸ್ ಪುಸ್ತಕವೇ ಹೇಳುತ್ತದೆ. ಹಾಗೆ ಕೇಳಿದರೆ ವೈಟ್‌ಫೀಲ್ಡ್‌ನ ಇನ್‌ಲ್ಯಾಂಡ್ ಕಂಟೇನರ್ ಡಿಪೋವರೆಗಿನ ಬೆಲೆಯನ್ನೂ ಪಡೆಯಬಹುದು. ಮಾರುಕಟ್ಟೆಯಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಸಿಐಎಫ್ಫೇ.

ಕಸ್ಟಮ್ಸ್ ಲೆಕ್ಕ ನಿಲ್ಲುವುದು ಸಿಐಎಫ್ ಬೆಲೆಯ ಮೇಲೆ. ಕಂಪ್ರೆಸರಿಗೆ ಮೂಲ ಸುಂಕ ಶೇ 7.5 ಹಿಡಿದೆವು, ನಿಮ್ಮ ಸರಕಿನ ಎಂಟಂಕಿಯ ಟ್ಯಾರಿಫ್ ನಂಬರ್ ಹಿಡಿದು ಆ ದಿನದ ದರ ನೋಡಬೇಕು, ಬಿಐಎಸ್ ಪ್ರಮಾಣಪತ್ರ ಬೇಕೇ ಅನ್ನುವುದನ್ನೂ ಆರ್ಡರ್ ಹಾಕುವ ಮೊದಲೇ ನೋಡಬೇಕು. 11,35,200ಕ್ಕೆ ಶೇ 7.5 ಅಂದರೆ 85,140. ಅದರ ಮೇಲೆ, ಅಂದರೆ ಸುಂಕದ ಮೇಲೆ, ಸರಕಿನ ಬೆಲೆಯ ಮೇಲಲ್ಲ, ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್: 8,514. ಇಲ್ಲಿಗೆ 12,28,854. ಇಷ್ಟರ ಮೇಲೆ ಶೇ 18 ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ), ಅಂದರೆ 2,21,194. ಐಜಿಎಸ್‌ಟಿ ಕ್ರೆಡಿಟ್ ಬರುತ್ತದೆ, ಆದ್ದರಿಂದ ವೆಚ್ಚದಲ್ಲಿ ಸೇರಿಸಬಾರದು. ಸುಂಕ ಮತ್ತು ಸರ್ಚಾರ್ಜ್ ಮಾತ್ರ ಹೋದ ದುಡ್ಡು.

ಎಫ್‌ಒಬಿ ಬೆಲೆಗೆ ಕೊಂಡು ಹಡಗಿನ ಬಾಡಿಗೆ ನಾವೇ ಕಟ್ಟುವುದಾದರೆ ಒಂದು ಎಚ್ಚರ ಬೇಕು. ಬಾಡಿಗೆಯ ದಾಖಲೆ ಕೊಡದಿದ್ದರೆ ಕಸ್ಟಮ್ಸ್ ಮೌಲ್ಯಮಾಪನ ನಿಯಮ 2007ರ ಪ್ರಕಾರ ಎಫ್‌ಒಬಿಯ ಶೇ 20ನ್ನು ಬಾಡಿಗೆಯೆಂದು, ಶೇ 1.125ನ್ನು ವಿಮೆಯೆಂದು ಸೇರಿಸಿ ಸುಂಕ ಹಾಕುತ್ತಾರೆ. ಇದೇ ಯಂತ್ರದ ಎಫ್‌ಒಬಿ 12,000 ಡಾಲರ್, ಅಂದರೆ 10,56,000. ಬಾಡಿಗೆ, ವಿಮೆ ಎರಡೂ ಸೇರಿ ನಿಜವಾಗಿ 79,200. ಕಾಗದ ಇಲ್ಲದಿದ್ದರೆ ಬಾಡಿಗೆಯೊಂದನ್ನೇ 2,11,200 ಎಂದು ಹಿಡಿಯುತ್ತಾರೆ. ಫ್ರೈಟ್ ಇನ್‌ವಾಯ್ಸ್ ಒಂದು ಸಕಾಲಕ್ಕೆ ಏಜೆಂಟ್ ಕೈ ಸೇರದಿದ್ದರೆ ಇಷ್ಟು ವ್ಯತ್ಯಾಸ.

ಇನ್ನು ಚೆನ್ನೈ. ಒಂದೇ ಯಂತ್ರವಾದ್ದರಿಂದ ಪೂರ್ತಿ ಕಂಟೇನರ್ ಬೇಡ. ಹಲವರ ಸರಕು ಕೂಡಿಸಿ ತರುವ ಎಲ್‌ಸಿಎಲ್ ಸಾಕು. ಸಿಐಎಫ್‌ನಲ್ಲಿ ಎಲ್‌ಸಿಎಲ್ ತರಿಸುವುದು ಹಳೆಯ ಬಲೆ. ಆ ಕಡೆ ಮಾರುವವನಿಗೆ ಬಾಡಿಗೆಯನ್ನು ತೀರಾ ಕಡಿಮೆಗೆ, ಕೆಲವೊಮ್ಮೆ ಪುಕ್ಕಟೆಗೂ ಕೊಡುವ ಸರಕು ಕೂಡಿಸುವ ಕಂಪನಿ, ಅದನ್ನು ಈ ಕಡೆ ಸರಕು ಬಿಡುವ ಡೆಲಿವರಿ ಆರ್ಡರ್ (ಡಿಒ) ಕೊಡುವಾಗ ವಸೂಲು ಮಾಡಿಕೊಳ್ಳುತ್ತದೆ. ಡಿಒ ಶುಲ್ಕ, ಡಿ-ಸ್ಟಫಿಂಗ್ (ಕಂಟೇನರಿನಿಂದ ಸರಕು ಇಳಿಸುವುದು), ಟರ್ಮಿನಲ್ ಹ್ಯಾಂಡ್ಲಿಂಗ್, ಡಾಕ್ಯುಮೆಂಟೇಶನ್, ಪ್ರತಿ ಘನ ಮೀಟರಿಗೆ ಇಷ್ಟು ಅಂತ ಸಾಲುಸಾಲು. ಸರಕು ಅವರ ಕೈಯಲ್ಲಿದೆ, ಚೌಕಾಸಿಗೆ ಜಾಗವಿಲ್ಲ. ಆದ್ದರಿಂದ ಪರ್ಚೇಸ್ ಆರ್ಡರ್ ಹಾಕುವ ಮೊದಲೇ ಮಾರುವವನಿಂದ ಆ ಕಂಪನಿಯ ಚೆನ್ನೈ ಏಜೆಂಟ್ ಯಾರು ಅಂತ ಕೇಳಿ, ಈ ಕಡೆಯ ಶುಲ್ಕಗಳ ಪಟ್ಟಿಯನ್ನು ಬರಹದಲ್ಲಿ ತರಿಸಿಕೊಳ್ಳಬೇಕು. ಇಲ್ಲದಿದ್ದರೆ ಎಫ್‌ಒಬಿಗೆ ಕೊಂಡು ಸಾಗಣೆ ಏರ್ಪಾಡು ಮಾಡುವ ನಮ್ಮದೇ ಫಾರ್ವರ್ಡರ್‌ನನ್ನು ಇಡುವುದು ಲೇಸು. ಸಿಎಫ್‌ಎಸ್ (ಬಂದರಿನ ಕಂಟೇನರ್ ಗೋದಾಮು) ಶುಲ್ಕ, ಡಿಒ, ಕಸ್ಟಮ್ಸ್ ಬ್ರೋಕರ್ ಸೇರಿ 48,000, ಪೀಣ್ಯದವರೆಗೆ ಲಾರಿ 22,000, ಹೈಡ್ರಾ 6,000, ಸ್ಥಳೀಯ ಡೀಲರ್‌ನಿಂದ ಎಣ್ಣೆ ಸಮೇತ ಕಮಿಷನಿಂಗ್ 35,000, ಹಣ ಕಳಿಸುವ ಬ್ಯಾಂಕ್ ಶುಲ್ಕ 3,500. ಒಟ್ಟು 13,43,354.

ಇದೂ ಎಲ್ಲ ಸರಿಯಾದ ದಿನಕ್ಕೆ ನಡೆದರೆ. ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ, ಬಿಲ್ ಆಫ್ ಎಂಟ್ರಿಯನ್ನು, ಹಡಗು ಬರುವ ಹಿಂದಿನ ದಿನ ಮುಗಿಯುವುದರೊಳಗೆ ಸಲ್ಲಿಸಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ. ಸುಂಕ ಕಟ್ಟುವುದು ತಡವಾದರೆ ಶೇ 15 ಬಡ್ಡಿ. ಸಿಎಫ್‌ಎಸ್‌ನ ಉಚಿತ ದಿನಗಳು ಮುಗಿದ ಮೇಲೆ ನೆಲಬಾಡಿಗೆ. ಇವೆಲ್ಲಕ್ಕೂ ಸಾಮಾನ್ಯ ಕಾರಣ ದೊಡ್ಡದೇನಲ್ಲ: ಇನ್‌ವಾಯ್ಸ್‌ನಲ್ಲಿ ಒಂದು ತೂಕ, ಪ್ಯಾಕಿಂಗ್ ಲಿಸ್ಟ್‌ನಲ್ಲಿ ಇನ್ನೊಂದು ತೂಕ, ಅಥವಾ ಮೂಲ ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸರಕಿನ ರಸೀದಿ) ಕೊರಿಯರ್‌ನಲ್ಲಿ ಸಿಕ್ಕಿಕೊಂಡಿರುವುದು. ಡಾಲರ್ ಒಂದು ರೂಪಾಯಿ ಏರಿದರೆ 12,900 ರೂಪಾಯಿ, ಅದರ ಮೇಲಿನ ಸುಂಕ ಸೇರಿ 13,964. ನೆನಪಿಡಬೇಕಾದ್ದೆಂದರೆ, ಸುಂಕಕ್ಕೆ ಹಿಡಿಯುವ ಡಾಲರ್ ದರ ಕಸ್ಟಮ್ಸ್ ಪ್ರಕಟಿಸಿದ್ದು. ಹಣ ಕಳಿಸುವಾಗಿನ ದರ ಬ್ಯಾಂಕಿನದು. ಎರಡೂ ಒಂದೇ ಆಗಿರುವುದಿಲ್ಲ.

ಚೀನಾದ ಕೊಟೇಶನ್‌ನಲ್ಲಿ ಇನ್ನೊಂದು ಸಾಲಿತ್ತು: ಬೇಕಾದರೆ ತಮ್ಮ ಎಂಜಿನಿಯರನ್ನು ಕಳಿಸುತ್ತೇವೆ, ಶುಲ್ಕ 'ನೆಟ್ ಆಫ್ ಟ್ಯಾಕ್ಸಸ್'. ವಿದೇಶಿ ಕಂಪನಿಯ ತಾಂತ್ರಿಕ ಸೇವೆಗೆ ಹಣ ಕೊಡುವಾಗ ನಾವು ಆದಾಯ ತೆರಿಗೆ ಹಿಡಿಯಬೇಕು. 'ನೆಟ್' ಅಂದರೆ ಆ ತೆರಿಗೆಯನ್ನು ಅವರ ಕೈಯಿಂದ ಮುರಿದುಕೊಳ್ಳುವ ಹಾಗಿಲ್ಲ, ನಾವು ಮೇಲಿಂದ ಕಟ್ಟಬೇಕು. ಶೇ 10 ಹಿಡಿದರೆ 1,00,000ಕ್ಕೆ 10,000 ಅಲ್ಲ, 1,00,000ವನ್ನು 0.9ರಿಂದ ಭಾಗಿಸಿ 1,11,111 ಖರ್ಚು ತೋರಿಸಿ 11,111 ಕಟ್ಟಬೇಕು. ಮೇಲೆ ರಿವರ್ಸ್ ಚಾರ್ಜ್‌ನಲ್ಲಿ ಶೇ 18 ಜಿಎಸ್‌ಟಿ. ಮೂರು ಇಂಗ್ಲಿಷ್ ಪದಗಳ ಈ ಸಾಲನ್ನು ಅಕೌಂಟ್ಸ್‌ನವರಿಗೆ ತೋರಿಸದೆ ಪರ್ಚೇಸ್‌ನವರು ಒಪ್ಪಬಾರದು.

ಹೀಗೆ ಬಾಗಿಲಿಗೆ ತಂದಾಗ ಕೊಯಮತ್ತೂರು 12,64,300, ಪುಣೆ 12,81,000, ಚೀನಾ 13,43,354. ಪೇಪರಿನ ಮೇಲಿನ ಎಲ್-1 ಕೊನೆಗೆ ಹೋಯಿತು.

ಕ್ರೆಡಿಟ್ ಎಲ್ಲಿ ನಿಲ್ಲುತ್ತದೆ

ಜಿಎಸ್‌ಟಿ ಬಗ್ಗೆ 'ಹೇಗೂ ಕ್ರೆಡಿಟ್ ಬರುತ್ತೆ ಬಿಡಿ' ಅನ್ನುವ ಮಾತು ಪರ್ಚೇಸ್ ಮೀಟಿಂಗುಗಳಲ್ಲಿ ದಿನಾ ಕೇಳುತ್ತೇವೆ. ಅರ್ಧ ನಿಜ. ಯಂತ್ರಕ್ಕೆ ಬರುತ್ತದೆ. ಯಂತ್ರವನ್ನು ನೆಲಕ್ಕೆ ಕೂರಿಸುವ ಫೌಂಡೇಶನ್, ಅದನ್ನು ಹೊರುವ ಸ್ಟ್ರಕ್ಚರಲ್ ಆಧಾರ ಕೂಡ 'ಪ್ಲಾಂಟ್ ಮತ್ತು ಮಷಿನರಿ'ಯ ವ್ಯಾಖ್ಯೆಯಲ್ಲೇ ಸೇರಿವೆ, ಅವಕ್ಕೂ ಬರುತ್ತದೆ. ಆದರೆ ಅದೇ ಕಂಪ್ರೆಸರಿಗೆ ಕಟ್ಟಿದ ಗೋಡೆ, ಸೂರು, ಅಂದರೆ ಕಂಪ್ರೆಸರ್ ರೂಮಿಗೆ ಬರುವುದಿಲ್ಲ. ಅದು ಸಿವಿಲ್ ಸ್ಟ್ರಕ್ಚರ್. ಒಬ್ಬನೇ ಸಿವಿಲ್ ಕಂಟ್ರಾಕ್ಟರ್ "ಕಂಪ್ರೆಸರ್ ರೂಮ್ ಮತ್ತು ಫೌಂಡೇಶನ್, ಲಂಪ್‌ಸಮ್" ಅಂತ ಒಂದೇ ಸಾಲಿನ ಬಿಲ್ ಕೊಟ್ಟರೆ ಫೌಂಡೇಶನ್‌ನ ಕ್ರೆಡಿಟ್ಟೂ ಪ್ರಶ್ನೆಗೆ ಬೀಳುತ್ತದೆ. ಆರ್ಡರ್‌ನಲ್ಲೇ ಎರಡು ಐಟಂ ಮಾಡಿಸಿ. ಪೈಪ್‌ಲೈನ್ ಕಾರ್ಖಾನೆಯ ಆವರಣದೊಳಗಿದ್ದರೆ ಕ್ರೆಡಿಟ್ ಉಂಟು, ಹೊರಗೆ ಹಾಕಿದರೆ ಇಲ್ಲ. ಕ್ರೆಡಿಟ್ ತೆಗೆದುಕೊಂಡ ತೆರಿಗೆಯ ಭಾಗದ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿ ಕೇಳುವ ಹಾಗಿಲ್ಲ.

ಕ್ರೆಡಿಟ್ ಬರುವ ತೆರಿಗೆ ವೆಚ್ಚವಲ್ಲ, ಆದರೆ ಆ ಹಣ ಕೈಬಿಟ್ಟು ಹೋಗಿ ಮರಳಿ ಬರುವ ದಿನಗಳು ವೆಚ್ಚ. ಪುಣೆಯ ಯಂತ್ರಕ್ಕೆ ತೆರಿಗೆ 2,29,500. ಮಾರುವವನು ರಿಟರ್ನ್ ಸಲ್ಲಿಸಿ, ಅದು ನಮ್ಮ 2ಬಿಯಲ್ಲಿ (ಜಿಎಸ್‌ಟಿ ಪೋರ್ಟಲ್ ತೋರಿಸುವ ಕ್ರೆಡಿಟ್ ಪಟ್ಟಿ) ಕಂಡು, ನಮ್ಮ ಮಾರಾಟದ ತೆರಿಗೆಗೆ ಹೊಂದುವವರೆಗೆ ಅದು ಹೊರಗಿರುತ್ತದೆ. ಬಿಲ್ಲಿನ ಹಣವನ್ನು 180 ದಿನದೊಳಗೆ ಕೊಡದಿದ್ದರೆ ತೆಗೆದುಕೊಂಡ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಮಾಡಬೇಕು. ಇನ್ನು ಅಡ್ವಾನ್ಸ್. ಸರಕಿನ ಅಡ್ವಾನ್ಸ್‌ಗೆ 2017ರ ನವೆಂಬರಿನಿಂದಲೇ ಸಾಮಾನ್ಯ ನೋಂದಣಿದಾರರು ಜಿಎಸ್‌ಟಿ ಕಟ್ಟಬೇಕಿಲ್ಲ, ಇನ್‌ವಾಯ್ಸ್ ಆದಾಗ ಕಟ್ಟಿದರೆ ಸಾಕು. ಸೇವೆಯ ಅಡ್ವಾನ್ಸ್‌ಗೆ ಮಾತ್ರ ಆಗಲೇ ಕಟ್ಟಬೇಕು. ಆದರೂ ಯಂತ್ರ ಮಾರುವವರು ಪ್ರೊಫಾರ್ಮಾದಲ್ಲಿ "ಶೇ 40 ಅಡ್ವಾನ್ಸ್, ಜಿಎಸ್‌ಟಿ ಸಮೇತ" ಅಂತ ಕೇಳುತ್ತಾರೆ. ಬೇಸಿಕ್ ಬೆಲೆಯ ಮೇಲೆ ಮಾತ್ರ ಕೊಡುತ್ತೇವೆ ಅಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಕೊಯಮತ್ತೂರಿನವರು ಕೇಳಿದ್ದು ಶೇ 40 ಅಡ್ವಾನ್ಸ್, ಉಳಿದ 60 ಡಿಸ್ಪ್ಯಾಚ್‌ಗೆ ಮುಂಚೆ. ಅಂದರೆ ಯಂತ್ರ ಓಡುವ ಮೊದಲೇ ಪೂರ್ತಿ ಹಣ ಅವರ ಕೈಯಲ್ಲಿ. 4,76,000 ರೂಪಾಯಿ ಎಂಟು ವಾರ ಮುಂಚೆ ಕೊಟ್ಟರೆ ಶೇ 12ರ ಬಡ್ಡಿಯಲ್ಲಿ 8,764. ಪುಣೆಯವರದು ಅಡ್ವಾನ್ಸ್ ಶೇ 20, ಆಮೇಲೆ 70, ಕಮಿಷನಿಂಗ್ ಆದ ಮೇಲೆ 10. ಅವರ ಅಡ್ವಾನ್ಸ್‌ನ ಬಡ್ಡಿ 4,695. ಕೊನೆಗೆ ಉಳಿದ ಶೇ 10 ಒಂದು ತಿಂಗಳು ನಮ್ಮಲ್ಲೇ ಇರುವುದರಿಂದ ಸುಮಾರು 1,258 ಉಳಿತಾಯ. ಬಡ್ಡಿಯ ವ್ಯತ್ಯಾಸ ಐದು ಸಾವಿರದ ಆಸುಪಾಸು, ದೊಡ್ಡದಲ್ಲ. ಆ ಶೇ 10 ನಮ್ಮ ಕೈಯಲ್ಲಿರುವುದರ ಬೆಲೆ ಬಡ್ಡಿಯಲ್ಲಿ ಸಿಗುವುದಿಲ್ಲ: ಕಮಿಷನಿಂಗ್‌ಗೆ ಫೋನ್ ಮಾಡಿದಾಗ ಎಂಜಿನಿಯರ್ ನಾಳೆ ಬರುತ್ತಾನೋ ಮುಂದಿನ ತಿಂಗಳೋ ಅನ್ನುವುದು ಅದರ ಮೇಲೆ ನಿಂತಿದೆ.

ತಡವಾದರೆ ವಾರಕ್ಕೆ ಶೇ 0.5, ಗರಿಷ್ಠ ಶೇ 5 ಎಲ್‌ಡಿ (ತಡಕ್ಕೆ ಮೊದಲೇ ಒಪ್ಪಿಕೊಂಡ ಪರಿಹಾರದ ಕಡಿತ) ಅನ್ನುವುದು ರೂಢಿಯ ಸಾಲು. ಆದರೆ ಯಾವುದರ ಶೇಕಡಾ, ಆರ್ಡರ್‌ನ ಪೂರ್ತಿ ಮೊತ್ತದ್ದೋ ತಡವಾದ ಭಾಗದ್ದೋ? ತಡ ಅಂದರೆ ಕಾರ್ಖಾನೆಯಿಂದ ಹೊರಡುವುದೋ, ನಮ್ಮ ಬಾಗಿಲಿಗೆ ಬರುವುದೋ, ಓಡುವುದೋ? ಎಕ್ಸ್‌ವರ್ಕ್ಸ್ ಆರ್ಡರ್‌ನಲ್ಲಿ ಸುಮ್ಮನೆ 'ಡೆಲಿವರಿ' ಅಂದರೆ ಅವರ ಗೇಟಿನ ದಿನಾಂಕವೇ. ಎಲ್‌ಡಿ ಮುರಿದುಕೊಂಡದ್ದಕ್ಕೆ ನಾವು ಜಿಎಸ್‌ಟಿ ಬಿಲ್ ಹಾಕಬೇಕೇ ಅನ್ನುವ ಗೊಂದಲ ಬಹಳ ಕಾಲ ಇತ್ತು. ಅದು ಸೇವೆಗೆ ಕೊಟ್ಟ ಪ್ರತಿಫಲವಲ್ಲ, ತೆರಿಗೆ ಇಲ್ಲ ಎಂದು 2022ರ ಆಗಸ್ಟ್‌ನ ಸುತ್ತೋಲೆ ಹೇಳಿತು.

ಬೆಲೆಗಿಂತ ದೊಡ್ಡ ಬಿಲ್

ಇಲ್ಲಿಯವರೆಗಿನ ಚರ್ಚೆಯೆಲ್ಲ ಹದಿನಾರು ಸಾವಿರ, ಎಂಬತ್ತು ಸಾವಿರದ ವ್ಯತ್ಯಾಸದ ಸುತ್ತ. ಕಂಪ್ರೆಸರಿನ ನಿಜವಾದ ಖರ್ಚು ಬೇರೆ ಕಡೆ ಇದೆ. ದಿನಕ್ಕೆ 16 ಗಂಟೆ, ವರ್ಷಕ್ಕೆ 300 ದಿನ, ಅಂದರೆ 4,800 ಗಂಟೆ ಪೂರ್ತಿ ಲೋಡಿನಲ್ಲಿ ಓಡುತ್ತದೆ ಅಂದುಕೊಳ್ಳಿ. ಪುಣೆಯ ಡೇಟಾ ಶೀಟ್ ಪ್ರಕಾರ ನಿಮಿಷಕ್ಕೆ ಒಂದು ಘನ ಮೀಟರ್ ಗಾಳಿಗೆ 6.7 ಕಿಲೋವ್ಯಾಟ್, ಅಂದರೆ 6 ಘನ ಮೀಟರಿಗೆ 40.2. ವರ್ಷಕ್ಕೆ 1,92,960 ಯೂನಿಟ್. ಯೂನಿಟ್‌ಗೆ 7.50 ರೂಪಾಯಿಯಂತೆ 14,47,200. ಒಂದೇ ವರ್ಷದ ಕರೆಂಟ್ ಬಿಲ್ ಯಂತ್ರದ ಬೆಲೆಯನ್ನು ದಾಟುತ್ತದೆ.

ಕೊಯಮತ್ತೂರಿನದು 7.2. ಅಂದರೆ 43.2 ಕಿಲೋವ್ಯಾಟ್. ವ್ಯತ್ಯಾಸ 3 ಕಿಲೋವ್ಯಾಟ್, ವರ್ಷಕ್ಕೆ 14,400 ಯೂನಿಟ್, 1,08,000 ರೂಪಾಯಿ. ಬಾಗಿಲಿನ ಲೆಕ್ಕದಲ್ಲಿ ಪುಣೆಯದು 16,700 ಜಾಸ್ತಿ ಇತ್ತಲ್ಲ, ಅದು ಎರಡು ತಿಂಗಳೊಳಗೆ ತೀರುತ್ತದೆ. ಚೀನಾದ ಕೊಟೇಶನ್‌ನಲ್ಲಿ ಈ ಅಂಕಿಯೇ ಇರಲಿಲ್ಲ, ಬರೀ ಮೋಟರ್ 37 ಕಿಲೋವ್ಯಾಟ್ ಎಂದಿತ್ತು. ಮೋಟರಿನ ಮೇಲೆ ಬರೆದದ್ದು ಶಾಫ್ಟಿನಲ್ಲಿ ಸಿಗುವ ಶಕ್ತಿ. ಮೀಟರಿನಲ್ಲಿ ಓಡುವುದು ಅದಕ್ಕಿಂತ ಬೇರೆ, ಕೂಲಿಂಗ್ ಫ್ಯಾನಿನದೂ ಸೇರಿ. ಕೇಳಬೇಕಾದ್ದು ಪೂರ್ತಿ ಪ್ಯಾಕೇಜಿನ ಇನ್‌ಪುಟ್, ಗಾಳಿಯ ಹೊರಬರುವ ಪ್ರಮಾಣ, ಯಾವ ಒತ್ತಡದಲ್ಲಿ ಅನ್ನುವುದು, ಮೂರೂ ಕಂಪ್ರೆಸರ್ ಪರೀಕ್ಷೆಯ ಮಾನದಂಡವಾದ ಐಎಸ್‌ಒ 1217ರ ಪ್ರಕಾರ. ಎರಡು ಸಲ ಕೇಳಿದ ಮೇಲೂ ಆ ಅಂಕಿ ಕೊಡದವರನ್ನು ಹೋಲಿಕೆಯಿಂದ ಬಿಡುವುದೇ ಸರಿ.

ಆ ಮಾನದಂಡದಲ್ಲೂ ಒಂದು ಕಿಂಡಿ ಇದೆ. ನಿಮಿಷಕ್ಕೆ 1.5ರಿಂದ 15 ಘನ ಮೀಟರ್‌ವರೆಗಿನ ಯಂತ್ರಗಳಿಗೆ ಗಾಳಿಯ ಪ್ರಮಾಣದಲ್ಲಿ ಶೇ 5, ಘನ ಮೀಟರಿಗೆ ತಗಲುವ ಶಕ್ತಿಯಲ್ಲಿ ಶೇ 6 ಟಾಲರೆನ್ಸ್, ಅಂದರೆ ಅಷ್ಟು ಹೆಚ್ಚುಕಡಿಮೆ, ಒಪ್ಪಿಗೆ. 6.7 ಅಂದವರು 7.1 ಕೊಟ್ಟರೂ ತಪ್ಪಿಲ್ಲ ಅಂತಾಗುತ್ತದೆ. ಅದಕ್ಕೆ ಆರ್ಡರ್‌ನಲ್ಲಿ ಗ್ಯಾರಂಟಿ ಅಂಕಿ ಬರೆದು, ಮೀರಿದ ಪ್ರತಿ 0.1ಕ್ಕೆ ಎಷ್ಟು ಕಡಿತ ಅಂತ ಮೊದಲೇ ಒಪ್ಪಿಸಿಕೊಂಡೆವು. ಅಂಕಿ ಗಾಳಿಯಲ್ಲಿ ಹಿಡಿದದ್ದಲ್ಲ: 0.1 ಅಂದರೆ 0.6 ಕಿಲೋವ್ಯಾಟ್, 4,800 ಗಂಟೆಗೆ 2,880 ಯೂನಿಟ್, 21,600 ರೂಪಾಯಿ. ಒಂದು ವರ್ಷದ ನಷ್ಟವನ್ನು ಕಡಿತವಾಗಿ ಕೇಳಿದರೆ ಮಾರುವವರೂ ಕೂತು ಮಾತಾಡುತ್ತಾರೆ; ಹತ್ತು ವರ್ಷದ್ದು ಕೇಳಿದರೆ ಕೊಟೇಶನ್ ವಾಪಸ್ ತೆಗೆದುಕೊಳ್ಳುತ್ತಾರೆ.

ಪೈಪ್‌ಲೈನ್: ಯಾರ ತಲೆಗೆ ಯಾವ ಅಳತೆ

ಕಂಪ್ರೆಸರಿನಿಂದ ಯಂತ್ರಗಳವರೆಗೆ ಗಾಳಿ ಒಯ್ಯುವ ಪೈಪ್ ಕೆಲಸವನ್ನು ಬೇರೆ ಗುತ್ತಿಗೆಗೆ ಕೊಟ್ಟೆವು. ಡ್ರಾಯಿಂಗ್ ಪ್ರಕಾರ ಎರಡಿಂಚಿನ ಜಿಐ ಹೆಡರ್ (ಮುಖ್ಯ ಪೈಪ್) 110 ಮೀಟರ್, ಅದರಿಂದ ಯಂತ್ರಗಳಿಗೆ ಇಳಿಯುವ ಒಂದಿಂಚಿನ ಡ್ರಾಪ್ 18 ಕಡೆ ತಲಾ 4 ಮೀಟರ್, ವಾಲ್ವ್ ಮತ್ತು ಫಿಲ್ಟರ್ ಸೆಟ್ 18. ಒಬ್ಬರು ಐಟಂ ರೇಟ್, ಅಂದರೆ ಅಳತೆಗೆ ತಕ್ಕ ದರ, ಕೊಟ್ಟರು: ಹೆಡರ್ ಮೀಟರಿಗೆ 1,150, ಡ್ರಾಪ್ ಮೀಟರಿಗೆ 620, ಸೆಟ್‌ಗೆ 2,400. ಒಟ್ಟು 2,14,340. ಇನ್ನೊಬ್ಬರು ಲಂಪ್‌ಸಮ್, ಅಂದರೆ ಇಡೀ ಕೆಲಸಕ್ಕೆ ಒಂದೇ ಮೊತ್ತ, 2,45,000. ಮೂರನೆಯವರು 'ಮೆಟೀರಿಯಲ್ ಬಿಲ್ ಪ್ರಕಾರ, ಮೇಲೆ ಶೇ 15' ಅಂದರು.

ಮೂರನೆಯದು ಕಾಸ್ಟ್-ಪ್ಲಸ್, ಅಂದರೆ ಆದ ಖರ್ಚು, ಅದರ ಮೇಲೆ ಲಾಭ. ಶೇ 15 ಅನ್ನುವ ಅಂಕಿ ಎಲ್ಲಿಂದಲೋ ಬಂದದ್ದಲ್ಲ; ಕೇಂದ್ರ ಲೋಕೋಪಯೋಗಿ ಇಲಾಖೆಯ ದರ ವಿಶ್ಲೇಷಣೆಯಲ್ಲೂ ಗುತ್ತಿಗೆದಾರರ ಲಾಭ ಮತ್ತು ಓವರ್‌ಹೆಡ್‌ಗೆ ಹಿಡಿಯುವುದು ಇಷ್ಟೇ. ತೊಂದರೆ ಅಂಕಿಯಲ್ಲಿಲ್ಲ, ಕಟ್ಟುವ ರೀತಿಯಲ್ಲಿದೆ. ಖರ್ಚು ಹೆಚ್ಚಾದಷ್ಟೂ ಅವನ ಶೇ 15 ಬೆಳೆಯುತ್ತದೆ. ವೆಚ್ಚದ ಮೇಲೆ ಶೇಕಡಾವಾರು ಲಾಭ ಕೊಡುವ ಈ ಬಗೆಯ ಗುತ್ತಿಗೆಯನ್ನು ಅಮೆರಿಕದ ಫೆಡರಲ್ ಸರ್ಕಾರದ ಖರೀದಿಯಲ್ಲಿ ಕಾನೂನೇ ನಿಷೇಧಿಸಿದೆ. ಕೆಲಸದ ವ್ಯಾಪ್ತಿ ಮೊದಲೇ ಗೊತ್ತಾಗದ ರಿಪೇರಿಯಂಥದ್ದಕ್ಕೆ ಕಾಸ್ಟ್-ಪ್ಲಸ್ ಬೇಕೇ ಬೇಕಾದರೆ ಲಾಭವನ್ನು ಶೇಕಡಾದಲ್ಲಿ ಅಲ್ಲ, ರೂಪಾಯಿಯಲ್ಲಿ ನಿಗದಿ ಮಾಡಿ. ಮೇಲೆ "ಒಟ್ಟು ಇಷ್ಟು ಮೀರದಂತೆ" ಅನ್ನುವ ಮಿತಿ ಹಾಕಿ.

ಐಟಂ ರೇಟ್‌ನಲ್ಲಿ ಅಳತೆ ಹೆಚ್ಚಾಗುವ ಅಪಾಯ ನಮ್ಮದು, ಲಂಪ್‌ಸಮ್‌ನಲ್ಲಿ ಅವನದು. ಲಂಪ್‌ಸಮ್‌ನ ಹೆಚ್ಚುವರಿ ಮೂವತ್ತು ಸಾವಿರ ಚಿಲ್ಲರೆ ಆ ಅಪಾಯದ ಬೆಲೆ. ಡ್ರಾಯಿಂಗ್ ಸರಿಯಾಗಿದ್ದರೆ ಆ ಬೆಲೆ ಕೊಡಬೇಕಾಗಿಲ್ಲ. ನಮ್ಮ ಹೆಡರ್ ಕೊನೆಗೆ 128 ಮೀಟರ್ ಆಯಿತು, ಕ್ರೇನ್ ಹಾದಿ ಸುತ್ತಿಕೊಂಡು ಹೋಗಬೇಕಾದ್ದರಿಂದ. ಹೆಚ್ಚಾದ 18 ಮೀಟರಿಗೆ 20,700, ಒಟ್ಟು 2,35,040. ಆದರೂ ಲಂಪ್‌ಸಮ್‌ಗಿಂತ ಕಡಿಮೆ. ಲಂಪ್‌ಸಮ್ ಕೊಟ್ಟಿದ್ದರೆ ಅವರು ಆ ಸುತ್ತನ್ನು 'ಎಕ್ಸ್‌ಟ್ರಾ ವರ್ಕ್' ಅಂತ ಬಿಲ್ ಮಾಡುತ್ತಿದ್ದರು ಅನ್ನುವುದರಲ್ಲಿ ಅನುಮಾನವಿಲ್ಲ; ಡ್ರಾಯಿಂಗ್‌ನಲ್ಲಿ ಇಲ್ಲದ್ದು ಲಂಪ್‌ಸಮ್‌ನಲ್ಲೂ ಇಲ್ಲ.

ಐಟಂ ರೇಟ್‌ನಲ್ಲಿ ಜಗಳ ಬರುವುದು ಮೀಟರ್ ಅಂದರೆ ಏನು ಅನ್ನುವಲ್ಲಿ. ಎಲ್ಬೋ, ಟೀ, ಯೂನಿಯನ್, ಕ್ಲ್ಯಾಂಪ್, ಸಪೋರ್ಟ್ ಆ್ಯಂಗಲ್, ಪೇಂಟ್ ದರದಲ್ಲೇ ಸೇರಿದೆಯೇ, ಬೇರೆಯೇ? ಅಳೆಯುವಾಗ ಎಲ್ಬೋ, ವಾಲ್ವ್‌ನ ಉದ್ದ ಪೈಪಿನಲ್ಲಿ ಸೇರುತ್ತದೆಯೇ? ವಾಲ್ವ್‌ಗೆ ಸೆಟ್ ದರವೂ ಕೊಟ್ಟು, ಅದರ ಜಾಗಕ್ಕೆ ಮೀಟರ್ ದರವನ್ನೂ ಕೊಡುವುದು ಸುಲಭವಾಗಿ ನಡೆದುಹೋಗುತ್ತದೆ. ಪೈಪ್‌ನ ಕ್ಲಾಸ್ ಬರೆಯದಿದ್ದರೆ ತೆಳುವಾದದ್ದು ಬರುತ್ತದೆ. ಎರಡಿಂಚಿನ ಹೆವಿ ಕ್ಲಾಸ್ ಪೈಪ್ ಮೀಟರಿಗೆ ಆರು ಕೆಜಿ ದಾಟುತ್ತದೆ, ಮೀಡಿಯಂ ಐದರ ಆಸುಪಾಸು. ಒಂದು ಲೆಂತ್ ತೂಗಿ ನೋಡಿದರೆ ಗೊತ್ತಾಗುತ್ತದೆ.

ಬಿಲ್ ಪಾವತಿಯಲ್ಲಿ ಟಿಡಿಎಸ್ ಮುರಿಯುವುದನ್ನು ಕೆಲವು ಸಣ್ಣ ಗುತ್ತಿಗೆದಾರರು ತಮ್ಮ ನಷ್ಟ ಅಂತ ದರದಲ್ಲೇ ಸೇರಿಸಿ ಹೇಳುತ್ತಾರೆ. ವ್ಯಕ್ತಿಗಾದರೆ ಶೇ 1, ಕಂಪನಿ, ಪಾಲುದಾರಿಕೆಗೆ ಶೇ 2, ಜಿಎಸ್‌ಟಿ ಬಿಟ್ಟು ಉಳಿದ ಮೊತ್ತದ ಮೇಲೆ. ಅದು ಅವರದೇ ಆದಾಯ ತೆರಿಗೆಯ ಮುಂಗಡ, ರಿಟರ್ನ್ ಹಾಕಿದರೆ ಹೊಂದಿಕೆಯಾಗುತ್ತದೆ. ಅದಕ್ಕಾಗಿ ದರ ಏರಿಸಿದ್ದರೆ ಇಳಿಸಲು ಕೇಳಬಹುದು.

ಕೊನೆಯ ಬಿಲ್‌ನಲ್ಲಿ ಒಟ್ಟು ಮೊತ್ತದ ಶೇ 5ನ್ನು ರಿಟೆನ್ಷನ್ ಆಗಿ, ಕೆಲಸದ ಭದ್ರತೆಗೆ, ಹಿಡಿದಿಟ್ಟೆವು, ಅಂದರೆ 11,752 ರೂಪಾಯಿ, ಹನ್ನೆರಡು ತಿಂಗಳಿಗೆ. ಉಳಿದದ್ದನ್ನು ಕೊಡುವ ಮುಂಚೆ ಲೀಕ್ ಟೆಸ್ಟ್: ಲೈನನ್ನು 7 ಬಾರ್‌ಗೆ ತುಂಬಿ, ಕಂಪ್ರೆಸರ್ ಕಡೆಯ ವಾಲ್ವ್ ಮತ್ತು ಎಲ್ಲ ಡ್ರಾಪ್ ವಾಲ್ವ್ ಮುಚ್ಚಿ, ಗೇಜ್ ಇಳಿಯುವುದನ್ನು ಇಬ್ಬರೂ ಸೇರಿ ಬರೆದುಕೊಳ್ಳುವುದು, ಇಳಿದರೆ ಪ್ರತಿ ಜಾಯಿಂಟ್‌ಗೆ ಸೋಪಿನ ನೀರು. 3 ಮಿಲಿಮೀಟರ್ ತೂತೊಂದು 7 ಬಾರ್‌ನಲ್ಲಿ ನಿಮಿಷಕ್ಕೆ ಸುಮಾರು ಅರ್ಧ ಘನ ಮೀಟರ್ ಗಾಳಿ ಬಿಡುತ್ತದೆ. ನಮ್ಮ 4,800 ಗಂಟೆಯ ಲೆಕ್ಕದಲ್ಲಿ ಅದರ ವರ್ಷದ ಕರೆಂಟ್ 1,20,600 ರೂಪಾಯಿ, ಪೂರ್ತಿ ಪೈಪ್ ಕೆಲಸದ ಅರ್ಧ. ಹಿಡಿದಿಟ್ಟ ರಿಟೆನ್ಷನ್ ಅದರ ಹತ್ತನೇ ಒಂದು ಭಾಗಕ್ಕೂ ಸಾಲದು. ಆದ್ದರಿಂದ ಟೆಸ್ಟ್ ಶೀಟ್‌ಗೆ ಎರಡೂ ಕಡೆಯವರ ಸಹಿ ಬಿದ್ದ ಮೇಲೆಯೇ ಬಿಲ್ ಅಕೌಂಟ್ಸ್‌ಗೆ ಹೋಯಿತು.